ಟಗರಿನ ಗಂಟೆ ಕಟ್ಟಿದ ಸೈಕಲ್ಲು

ಚೈನು ಕಳಚಬಹುದಿತ್ತು. ಕಳಚಿದ ಚೈನಿಗೆ ನನ್ನ ಧೋತರದ ಚುಂಗು ಸಿಕ್ಕಿ, ನಡುಸಂತೆಯಲ್ಲಿ ಧೋತರ ಒಂದು ಕಡೆ, ನಾನೊಂದು ಕಡೆ ಆಗಬಹುದಿತ್ತು. ಹೆಂಡತಿಯ ಸೆರಗು ಹಿಂದಿನ ಗಾಲಿಗೆ ಸುತ್ತಿಕೊಳ್ಳಬಹುದಿತ್ತು. ಕಟ್ಟಿಗೆಯ ಹೊರೆ ಹೊತ್ತ ಯಾವಳೋ ತಾಯಿ ಹಿಂದೆ ಬಂದವರಾರು ಎಂದು ಹೊರಳಿ ನೋಡಿ, ಹೊರೆಯ ತುದಿಯಿಂದ ನನ್ನ ಕಣ್ಣು ತೆಗೆಯಬಹುದಿತ್ತು. ಎತ್ತು ಬೆದರಬಹುದಿತ್ತು. ಎತ್ತು ಬೆದರದೆ ಚಕ್ಕಡಿಯ ಯಜಮಾನ ಬೆದರಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಜಾಲಿಮುಳ್ಳು ಟಾಯರಿಗೆ ಹೊಗಬಹುದಿತ್ತು. ಕುಂಬಾರರ ಗಡಿಗೆಗಳ ಸಾಲಿನೊಳಕ್ಕೆ ಮುಂದಿನ ಗಾಲಿ ತಾನಾಗಿಯೇ ದಾರಿ ಹುಡುಕಿಕೊಂಡು ಹೋಗಬಹುದಿತ್ತು. ಸೈಕಲ್ಲಿನ ಮೇಲೆ ಇಬ್ಬರು ಕುಳಿತದ್ದಕ್ಕೆ ಪೋಲೀಸಿನವನು ಹಿಡಿದು ಚಾವಡಿಯಲ್ಲಿ ನಿಲ್ಲಿಸಬಹುದಿತ್ತು. ಬ್ರೇಕು ಹಿಡಿಯದೆ ಇರಬಹುದಿತ್ತು. ಹಿಡಿದರೂ ಕಷ್ಟವೇ, ಯಾಕೆಂದರೆ ನನ್ನ ಬ್ರೇಕು ಹಿಡಿದಾಗ ಸೈಕಲ್ಲು ನಿಲ್ಲುತ್ತಿತ್ತು, ನಾನು ನಿಲ್ಲುತ್ತಿರಲಿಲ್ಲ.

ಶೇಗಾಂವದಿಂದ ಡಫಳಾಪುರಕ್ಕೆ, ಜತ್ತದ ಸಂತೆಯ ದಿನ, ಜತ್ತದ ಸಂತೆಯ ಹೊಟ್ಟೆಯೊಳಗಿಂದಲೇ, ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೋದ ಆ ದಿನ ಏನೇನು ಕೆಡಬಹುದಿತ್ತು ಎಂಬುದಕ್ಕೆ ಇದಿಷ್ಟು ಬರೀ ಪೀಠಿಕೆ. ಪೂರ್ತಿ ಹೇಳುತ್ತ ಕುಳಿತರೆ ನಾವು ಇನ್ನೂ ಶೇಗಾಂವ ಬಿಟ್ಟಿರುವುದಿಲ್ಲ.

ಈ ನೆನಪನ್ನು ಕೆದಕಿದ್ದು ನನ್ನ ಅಂಗಡಿಯ ಬಾಗಿಲ ತೊಲೆಗೆ ತೂಗುಬಿಟ್ಟ ಒಂದು ಕಂಚಿನ ಗಂಟೆ. ಅಂಗಡಿ ಎಂದರೆ ಬೆಲ್ಲ, ಉಪ್ಪು, ಸೂಜಿ, ದಾರ, ಅರಿಷಿಣ, ಕುಂಕುಮ. ಮೊನ್ನೆ ಪರವೂರಿನ ಗಿರಾಕಿಯೊಬ್ಬರು ಬೆಲ್ಲ ತೂಗಿಸಿಕೊಳ್ಳುವಾಗ ತಲೆ ಎತ್ತಿ ನೋಡಿ, ಅದು ಯಾವ ದೇವರ ಗಂಟೆ ಎಂದು ಭಕ್ತಿಯಿಂದ ಕೇಳಿದರು. ದೇವರದಲ್ಲ, ಸೈಕಲ್ಲಿನದು ಎಂದೆ. ಅವರು ಬೆಲ್ಲದ ತೂಕವನ್ನು ಇನ್ನೊಮ್ಮೆ ಪರೀಕ್ಷಿಸಿದರು. ಅವರ ತಪ್ಪಿಲ್ಲ. ಹೀಗೆ ಉತ್ತರ ಕೊಡುವವನ ತಕ್ಕಡಿಯನ್ನು ನಾನೂ ನಂಬುತ್ತಿರಲಿಲ್ಲ.

ನಾನು ಮೊದಲಿನಿಂದಲೂ ಚಿಂತೆಯ ಮನುಷ್ಯ. ಉಳಿದ ಕೂಸುಗಳು ಹುಟ್ಟಿದ ಕೂಡಲೇ ಅತ್ತರೆ, ನಾನು ಅಳದೆ ಮೊದಲು ಮಾಳಿಗೆಯ ಜಂತಿಗಳನ್ನು ನೋಡಿದೆನಂತೆ, ಬೀಳುವಂತಿವೆಯೋ ಹೇಗೆ ಎಂದು. ಇದು ನಮ್ಮವ್ವನ ಮಾತು. ಅವಳು ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತದೆ, ಆದರೆ ಈ ಮಾತಿನಲ್ಲಿ ಯಾವ ಅರ್ಧ ಸುಳ್ಳು ಎಂದು ನನಗೆ ಇನ್ನೂ ತಿಳಿದಿಲ್ಲ.

ಇಂಥವನು ಸೈಕಲ್ಲು ಯಾಕೆ ಕೊಂಡ ಎಂದು ನೀವು ಕೇಳಬಹುದು. ನಡೆದು ಹೋದರೆ ಹಾವು ಕಡಿದೀತೆಂಬ ಚಿಂತೆಗೆ ಕೊಂಡೆ. ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಕೆಲವು ವರ್ಷಗಳ ಮಾತು. ಮಿರಜದಲ್ಲಿ ಒಬ್ಬ ಕಂಪೌಂಡರ್ ಹಳೆಯ ಹಸಿರು ಸೈಕಲ್ಲನ್ನು ಮಾರುತ್ತಿದ್ದ. ಅದನ್ನು ಚಕ್ಕಡಿಯಲ್ಲಿ ಹಾಕಿಸಿಕೊಂಡು ಊರಿಗೆ ತಂದೆ. ಬೀಗರು ಬಂದಂತೆ ಜನ ನೋಡಲು ಬಂದರು.

ಕಲಿಯುವುದೆಲ್ಲಿ? ಸಡಕಿನ ಮೇಲೆ ಕಲಿತರೆ ಯಾರಿಗಾದರೂ ಬಡಿದೀತು. ಆದ್ದರಿಂದ ಸುಗ್ಗಿ ಮುಗಿದು ಬರಿದಾಗಿದ್ದ ನಮ್ಮ ಕಣದಲ್ಲಿ ಕಲಿತೆ. ಕಣ ದುಂಡಗೆ, ಗಟ್ಟಿ, ಸಗಣಿ ಸಾರಿಸಿ ನುಣ್ಣಗೆ, ನಡುವೆ ಮೇಟಿಯ ಕಂಬ. ಎತ್ತುಗಳು ಕಾಳು ತುಳಿಯುತ್ತ ಮೇಟಿಯ ಸುತ್ತ ಎಡಕ್ಕೆ ತಿರುಗುವ ಹಾಗೆ ನಾನೂ ತಿರುಗಿದೆ. ಚಲೋ ಕಲಿತೆ. ಬೀಳದೆ ಮುಂಜಾವದಿಂದ ಊಟದ ಹೊತ್ತಿನವರೆಗೆ ತಿರುಗಬಲ್ಲೆ ಎಂಬಲ್ಲಿಗೆ ಬಂದು, ಧೈರ್ಯ ಮಾಡಿ ಸಡಕಿಗೆ ಇಳಿದಾಗ ಒಂದು ವಿಷಯ ಗೊತ್ತಾಯಿತು. ನನಗೆ ಎಡಕ್ಕೆ ಹೊರಳುವುದು ಮಾತ್ರ ಬರುತ್ತಿತ್ತು. ನೆಟ್ಟಗೆ ಹೋಗುವುದೂ ಬಲಕ್ಕೆ ಹೊರಳುವುದೂ ಮೇಟಿ ನನಗೆ ಕಲಿಸಿರಲಿಲ್ಲ. ಮೊದಲ ದಿನ ಜತ್ತಕ್ಕೆಂದು ಹೊರಟವನು ನಮ್ಮೂರ ಕೆರೆಯನ್ನು ಒಂದು ಸುತ್ತು ಹಾಕಿ ಮನೆಗೇ ಬಂದೆ. ಜತ್ತದಲ್ಲಿ ಏನು ವಿಶೇಷ ಎಂದು ನಮ್ಮವ್ವ ಕೇಳಿದಳು. ಬಹಳ ನೀರಿತ್ತು ಎಂದೆ.

ನೆಟ್ಟಗೆ ಹೋಗುವುದು ಬಂದ ಮೇಲೆ ನಿಜವಾದ ತೊಂದರೆ ಶುರುವಾಯಿತು. ನಮ್ಮ ಕಡೆಯ ಸಡಕು ಎಂದರೆ ಬರೀ ಸಡಕಲ್ಲ. ಜನ ಅದರ ಮೇಲೆ ನಡೆಯುತ್ತಾರೆ, ನಿಲ್ಲುತ್ತಾರೆ, ಕುಂತು ಎಲೆ ಅಡಿಕೆ ಹಾಕುತ್ತಾರೆ, ಮಗಳ ಸಂಬಂಧದ ಮಾತು ಮುಗಿಸುತ್ತಾರೆ. ಹಿಂದಿನಿಂದ ಟ್ರಿಣ್ ಎಂದು ಸೈಕಲ್ ಬೆಲ್ಲಿನ ಸಪ್ಪಳವಾದರೆ ಯಾರು ಯಾವ ಕಡೆ ಹಾರುತ್ತಾರೆ ಎಂಬುದು ಶಿವನಿಗೂ ತಿಳಿಯದು. ಗಂಡಸರು ಮೊದಲು ನಿಲ್ಲುತ್ತಾರೆ, ಆಮೇಲೆ ಹೊರಳುತ್ತಾರೆ, ಆಮೇಲೆ ನೀವು ಯಾವ ಕಡೆ ತಿರುಗಿಸಿದ್ದೀರೋ ಆ ಕಡೆಗೇ ಸರಿಯುತ್ತಾರೆ. ಜೋಡಿಯಾಗಿ ಹೋಗುವ ಹೆಂಗಸರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಸರಿದು, ನೀವು ನಡುವೆ ಬರುವ ಹೊತ್ತಿಗೆ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಮತ್ತೆ ಕೂಡುತ್ತಾರೆ. ಒಮ್ಮೆ ಒಬ್ಬ ಹಿರಿಯರು ಎಡಕ್ಕೆ ಸರಿದರು, ನಾನೂ ಎಡಕ್ಕೆ. ಅವರು ಬಲಕ್ಕೆ, ನಾನೂ ಬಲಕ್ಕೆ. ಕಡೆಗೆ ಇಬ್ಬರೂ ಅಪ್ಪಿಕೊಂಡು ನಿಂತೆವು. ಅವರು ಅಭ್ಯಾಸಬಲದಿಂದ ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿ, ನಾನು ಆರಾಮ ಎಂದ ಮೇಲೆ ನೆನಪಾಗಿ ಬಯ್ಯತೊಡಗಿದರು.

ಇದಕ್ಕೆ ಉಪಾಯ ಕೊಟ್ಟವನು ಕುರುಬರ ಮಾಳಪ್ಪ. ಅವನ ಕುರಿಗಳು ಸುಗ್ಗಿಯಾದ ಮೇಲೆ ನಮ್ಮ ಹೊಲದಲ್ಲಿ ತಂಗುತ್ತಿದ್ದವು. ಉಪ್ಪು, ತಂಬಾಕು ಒಯ್ಯಲು ಅಂಗಡಿಗೆ ಬರುತ್ತಿದ್ದ. ಅಂಗಡಿ ಎಷ್ಟು ಸಣ್ಣದಾದರೂ ಅದರೊಳಗೆ ಕುಂತವನು ಅವನಿಗೆ ಸಾವ್ಕಾರನೇ. ಒಂದು ದಿನ ನನ್ನ ಗೋಳು ಕೇಳಿ ಅವನು ಸ್ವಲ್ಪ ಹೊತ್ತು ತಂಬಾಕು ತಿಕ್ಕಿದ. ಆಮೇಲೆ ಹೇಳಿದ:

"ಸಾವ್ಕಾರ್ರ, ನಿಮ್ಮ ಬೆಲ್ಲು ಪರದೇಶದ್ದು. ಅದರ ಮಾತು ನಮ್ಮ ಮಂದಿಗೆ ತಿಳಿಯಂಗಿಲ್ಲ. ಕುರಿಗಂಟಿ ಕಟ್ರಿ. ತಿರುಗಿ ಸೈತ ನೋಡಂಗಿಲ್ಲ, ಸುಮ್ನ ಬಾಜೂಕ ಸರೀತಾರ."

ಮರುದಿನವೇ ತಂದುಕೊಟ್ಟ. ಅವನ ಹಿಂಡಿನ ಮುಂದೆ ನಡೆಯುತ್ತಿದ್ದ ದೊಡ್ಡ ಟಗರಿನ ಕೊರಳ ಗಂಟೆ ಅದು. ಟಗರು ಸತ್ತುಹೋಗಿತ್ತು. ಗಂಟೆಯನ್ನು ಬೇರೆ ಟಗರಿಗೆ ಕಟ್ಟಲು ಅವನಿಗೆ ಮನಸ್ಸಾಗಿರಲಿಲ್ಲ. ನನ್ನ ಹ್ಯಾಂಡಲ್ಲಿಗೆ ಕಟ್ಟಲು ಆಯಿತು. ಇದನ್ನು ನಾನು ಗೌರವವೆಂದೇ ತಿಳಿದುಕೊಂಡಿದ್ದೇನೆ. ಪರದೇಶದ ಬೆಲ್ಲನ್ನು ಬಿಚ್ಚಿ ಮನೆಯಲ್ಲಿಟ್ಟೆ.

ಅವನು ಹೇಳಿದಂತೆಯೇ ಆಯಿತು. ಢಣ್ ಢಣ್ ಎಂದು ಮೆಲ್ಲಗೆ ಸಪ್ಪಳ ಬಂದರೆ ಸಾಕು, ಮಾತಾಡುತ್ತ ಹೋಗುವವರು ಮಾತು ನಿಲ್ಲಿಸದೆ, ಹಿಂದೆ ನೋಡದೆ, ನಿದ್ದೆಯಲ್ಲಿ ಮಗ್ಗಲು ಹೊರಳಿದಂತೆ ಎಡಕ್ಕೆ ಸರಿಯುತ್ತಿದ್ದರು. ಹುಟ್ಟಿದಾರಭ್ಯ ಕೇಳಿದ ಸಪ್ಪಳ. ಕಿವಿ ಕೇಳಿ ಕಾಲಿಗೆ ಹೇಳುತ್ತದೆ, ತಲೆಗೆ ತೊಂದರೆ ಕೊಡುವುದಿಲ್ಲ. ಕೆಲವರಿಗೆ ಮಾತ್ರ ಮೋಸವಾದಂತೆ ಅನಿಸುತ್ತಿತ್ತು. ಕುರಿ ಬಂದವೆಂದು ಸರಿದರೆ ಅಂಗಡಿಯ ಸಾವ್ಕಾರ ಬಂದನಲ್ಲ ಎಂದು ಒಬ್ಬಾಕೆ ಬೇಸರದಿಂದ ಅಂದದ್ದು ನನ್ನ ಕಿವಿಗೆ ಬಿತ್ತು. ಇರಲಿ. ಬಡಿಯಲಿಲ್ಲವಲ್ಲ.

ಈಗ ಡಫಳಾಪುರದ ಮಾತು.

ಡಫಳಾಪುರ ನನ್ನ ಹೆಂಡತಿ ನೀಲವ್ವನ ತವರು. ಅವಳ ತಮ್ಮ ಶಂಕ್ರಪ್ಪ ಜತ್ತದ ಕಚೇರಿಯಲ್ಲಿ ಕಾರಕೂನ. ಮದುವೆಯಾಗಿ ಬಹಳ ವರ್ಷಕ್ಕೆ ಅವನಿಗೊಂದು ಗಂಡು ಹುಟ್ಟಿತು. ಕೂಸನ್ನು ತೊಟ್ಟಿಲಲ್ಲಿ ಹಾಕುವ ದಿನ ಗೊತ್ತಾಯಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ಬಗ್ಗಿ ಕಿವಿಯಲ್ಲಿ ಕುರ್ ಎಂದು ಹೆಸರು ಊದುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಆಮೇಲೆ ಅವಳು ತಲೆಯೆತ್ತಿ ಹೆಸರನ್ನು ಕೂಗಿ ಹೇಳಬೇಕು. ಒಮ್ಮೆ ಕಿವಿಯೊಳಗೆ ಹೋದ ಹೆಸರನ್ನು ಮಾಮಲೇದಾರನೂ ಹೊರಗೆ ತೆಗೆಯಲಾರ.

ಶಂಕ್ರಪ್ಪ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದ್ದ: ಅಕ್ಕ ಬಂದು ಸುರೇಶ ಎಂದು ಹೇಳಲಿ. ಆಗಿನ ಕಾಲಕ್ಕೆ ಅದು ಹೊಸ ಹೆಸರು, ಇಸ್ತ್ರಿ ಮಾಡಿದ ಅಂಗಿಯಂಥದು. ಆದರೆ ನೀಲವ್ವ ಕೂಸು ಹುಟ್ಟಿದ ವಾರದಲ್ಲೇ ಹೋಗಿ ನೋಡಿ ಬಂದಿದ್ದಳು. ಆವತ್ತು ಅವಳ ಅಪ್ಪ, ಅಂದರೆ ನನ್ನ ಮಾವ, ಕೂಸಿನ ಗದ್ದವನ್ನು ಬೆರಳಿನಿಂದ ಸವರಿ ಸವರಿ ನೋಡಿದರಂತೆ. "ನಮ್ಮಪ್ಪನ ಗದ್ದ" ಎಂದರಂತೆ, ಅಷ್ಟೇ. ಅವರ ಅಪ್ಪನ ಹೆಸರು ರಾಚಪ್ಪ. ಹೆಸರಿನ ವಿಷಯ ಮಗ ಎತ್ತಿದಾಗ ಅವರು ಏನೂ ಅನ್ನಲಿಲ್ಲ. ಮಾವನಿಗೆ ಕಿವಿ ಬಹಳ ಮಂದ. ಕೇಳಿಸದಿದ್ದರೂ ಸುಮ್ಮನಿರುತ್ತಿದ್ದರು, ಕೇಳಿಸಿದಾಗಲೂ ಸುಮ್ಮನಿರುವ ಸವಲತ್ತು ಅವರಿಗಿತ್ತು.

"ಅಂವಾ ಏನರ ಹೇಳಿ ಕಳಿಸಲಿ. ಕಿವ್ಯಾಗ ಹೇಳಾಕಿ ನಾ. ರಾಚಪ್ಪ ಅಂತನ ಹೇಳಾಕಿ" ಎಂದು ನೀಲವ್ವ ನನಗೊಬ್ಬನಿಗೇ ಹೇಳಿದಳು.

ತಮ್ಮ ಸಿಟ್ಟಾದರೆ ಎಂದೆ. ಆಗಲಿ ಎಂದಳು. ತೊಟ್ಟಿಲ ಮುಂದೆಯೇ ಜಗಳವಾದರೆ ಎಂದೆ. ಕೂಸು ಅಳುವ ಸಪ್ಪಳದಲ್ಲಿ ಯಾರಿಗೂ ಕೇಳುವುದಿಲ್ಲ ಎಂದಳು. ನನ್ನ ಚಿಂತೆಗಳಿಗೆಲ್ಲ ಅವಳು ಹೀಗೆ ಚಿಲ್ಲರೆ ಕೊಡುವ ಹಾಗೆ ಉತ್ತರ ಕೊಡುತ್ತಿದ್ದಳು.

ಹಿಂದಿನ ದಿನವೇ ಹೊರಡಬೇಕೆಂದಿದ್ದೆವು. ನಮ್ಮವ್ವನಿಗೆ ಜ್ವರ ಬಂದು ನಿಲ್ಲಬೇಕಾಯಿತು. ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತು, ಆದರೆ ಮುಂಜಾನೆಯ ಸರ್ವಿಸ್ ಮೋಟಾರು ಬರಲಿಲ್ಲ. ಕಾದೆವು. ಅದು ಯಾವುದೋ ಹಳ್ಳದಲ್ಲಿ ಕೆಟ್ಟು ನಿಂತಿದೆ ಎಂದು ನಡೆದು ಬಂದವರು ಹೇಳಿದರು. ಹೊತ್ತು ನೆತ್ತಿಗೆ ಬರುವುದರೊಳಗೆ ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಅತ್ತೆ ಬರದಿದ್ದರೆ ನೆರೆಮನೆಯಾಕೆಯನ್ನು ಅತ್ತೆಯ ಜಾಗದಲ್ಲಿ ಕೂಡಿಸುತ್ತಾರೆ, ಅವಳು ಶಂಕ್ರಪ್ಪ ಹೇಳಿಕೊಟ್ಟ ಹೆಸರನ್ನೇ ಊದುತ್ತಾಳೆ. ನೀಲವ್ವ ಸೈಕಲ್ಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಜಂತಿಗಳನ್ನು ನೋಡಿದೆ.

ಊರ ಕೊನೆಯ ಮನೆ ದಾಟುವವರೆಗೆ ಅವಳು ನಡೆದೇ ಬಂದಳು. ಗಂಡನ ಹಿಂದೆ ಸೈಕಲ್ಲಿನ ಮೇಲೆ ಕೂಡುವುದನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. ಬೇವಿನ ಮರದ ಮರೆಯಲ್ಲಿ ಕುಂತಳು, ಸೆರಗನ್ನು ಮುಖ ಮುಚ್ಚುವಂತೆ ಎಳೆದುಕೊಂಡು, ತುದಿಯನ್ನು ಸೊಂಟಕ್ಕೆ ಬಿಗಿದು. ನಾನು ಪೆಡಲು ತುಳಿದೆ. ಸೈಕಲ್ಲು ಎಡಕ್ಕೆ ವಾಲಿತು, ಮೇಟಿಯನ್ನು ನೆನೆಸಿಕೊಂಡಿತು, ಆಮೇಲೆ ನೆಟ್ಟಗಾಯಿತು.

ಒಂದಷ್ಟು ದೂರ ಚಲೋ ಹೋದೆವು. ಮುಂದೆ ಸಡಕಿನ ತುಂಬ ಕುರಿ. ನಾನು ಎಂದಿನಂತೆ ಗಂಟೆ ಆಡಿಸಿದೆ. ಕುರಿಗಳು ಸರಿಯಲಿಲ್ಲ. ಒಂದೊಂದಾಗಿ ತಲೆ ಎತ್ತಿದವು. ಮುದಿ ಕುರಿಯೊಂದು ಕೂಗಿತು. ನಾನು ಹೇಗೋ ನಡುವೆ ತೂರಿ ಮುಂದೆ ಹೋದೆ. ಪಾರಾದೆ ಎಂದು ಉಸಿರು ಬಿಡುವಾಗ ಹಿಂದಿನಿಂದ ನೀಲವ್ವ ಮೆಲ್ಲಗೆ ಹೇಳಿದಳು:

"ರೀ, ಹಿಂದ ಬರಾಕತ್ತಾರ."

"ಎಷ್ಟ ಮಂದಿ?"

"ಮಂದಿ ಅಲ್ರಿ."

ಅದು ಮಾಳಪ್ಪನ ಹಿಂಡು. ಗಂಟೆ ಅವುಗಳ ಹಳೆಯ ಯಜಮಾನನದು. ಸತ್ತುಹೋದ ಟಗರು ಇಷ್ಟು ದಿನ ಎಲ್ಲಿಗೋ ಹೋಗಿದ್ದದ್ದು ಈಗ ತಿರುಗಿ ಬಂದಿದೆ, ಈ ಸಲ ಹಸಿರು ಬಣ್ಣದಲ್ಲಿ, ಎಂದು ಅವು ತಿಳಿದಿರಬೇಕು. ನಾನು ಜೋರಾಗಿ ತುಳಿದರೆ ಗಂಟೆ ಜೋರಾಗಿ ಬಡಿಯುತ್ತಿತ್ತು, ಅವು ಜೋರಾಗಿ ಓಡುತ್ತಿದ್ದವು. ನಿಲ್ಲಿಸಿದರೆ ಮೈಮೇಲೆ ಬಂದಾವೆಂಬ ಅಂಜಿಕೆ. ಎದುರಿಗೆ ಬಂದ ಚಕ್ಕಡಿಗಳು ಮಾತ್ರ ದೂರದಿಂದಲೇ ಕೆಳಗಿಳಿದು ದಾರಿ ಬಿಟ್ಟವು. ಒಬ್ಬ ಹಿರಿಯರು ರುಮಾಲು ಸರಿಪಡಿಸಿಕೊಂಡು ಗಂಭೀರವಾಗಿ ನಿಂತರು. ಜನ್ಮದಲ್ಲಿ ಅಷ್ಟು ಸಲೀಸಾಗಿ ನನಗೆ ದಾರಿ ಸಿಕ್ಕಿಲ್ಲ.

ಮಾಳಪ್ಪ ಹೊಲ ಹಾಯ್ದು, ಕಂಬಳಿ ಬೀಸುತ್ತ ಅಡ್ಡ ಬಂದ. ನಿಂತೆ. ಕುರಿಗಳು ಸುತ್ತ ನೆರೆದು ಸೈಕಲ್ಲನ್ನು ಮೂಸಿದವು. ಮುದಿ ಕುರಿ ಗಂಟೆಯನ್ನು ನೆಕ್ಕಿತು. ಬೈಗಳಿಗೆ ನಾನು ತಯಾರಾಗಿದ್ದೆ, ಆದರೆ ಮಾಳಪ್ಪ ಬಯ್ಯಲಿಲ್ಲ. ಕುರಿಯ ತಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ನೋಡ್ರಿ ಸಾವ್ಕಾರ್ರ, ಇನ್ನಾ ಮರ್ತಿಲ್ಲ ಇವು."

"ಮಾಳಣ್ಣ, ಅವು ಮರೀದಿದ್ರ ಚಲೋನ ಆತು. ನಮಗ ಹೊತ್ತಾಗೇತಿ" ಎಂದು ಸೆರಗಿನೊಳಗಿಂದ ನೀಲವ್ವ ಹೇಳಿದಳು.

ಮಾಳಪ್ಪ ಗಂಟೆಯನ್ನು ಬಿಚ್ಚಿಕೊಂಡು, ಕೈಯಲ್ಲಿ ಆಡಿಸುತ್ತ ಹೊಲಕ್ಕೆ ಇಳಿದ. ಹಿಂಡೆಲ್ಲ ಅವನ ಹಿಂದೆ ಹೋಯಿತು. ಗಂಟೆಯನ್ನು ಆಮೇಲೆ ಅಂಗಡಿಗೆ ತಂದುಕೊಡುವೆನೆಂದು ಅಲ್ಲಿಂದಲೇ ಕೂಗಿದ. ನಾನು ಬರಿಗೈಯವನಾದೆ. ಪರದೇಶದ ಬೆಲ್ಲು ಮನೆಯಲ್ಲಿ, ಸ್ವದೇಶದ ಗಂಟೆ ಹೊಲದಲ್ಲಿ, ಮುಂದೆ ಜತ್ತದ ಸಂತೆ.

ಸಂತೆ ಕಾಣುತ್ತಲೇ, ಹೊರಗಿನ ದಾರಿಯಿಂದ ಸುತ್ತಿ ಹೋಗೋಣ ಎಂದೆ. ಬಹಳ ದೂರವೇನಲ್ಲ ಎಂದೆ, ಅದು ಸುಳ್ಳು. ನಾನು ಇಳಿದು ಸೈಕಲ್ಲನ್ನು ನೂಕುತ್ತೇನೆ, ನೀನು ನಡೆ ಎಂದೆ.

"ಸುತ್ತ ಹಾಕ್ಕೊಂಡು ಹೋಗೂದ್ರಾಗ ಕೂಸು ಸುರೇಶ ಆಗಿ ಮಲಗಿರ್ತೈತಿ. ನೀವು ಹಗೂರಕ ತುಳೀರಿ. ದಾರಿ ನಾ ಕೇಳ್ತೀನಿ."

ಹಾಗೆಂದು ಮುಖದ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿದಳು. ಮೊದಲ ಕೂಗು ಗುಬ್ಬಿಯ ದನಿಯಂತೆ ಬಂತು. "ಕಾಕಾ, ಜರಾ ಬಾಜೂಕ ಸರೀರಿ." ಮುಂದೆ ಜೋಳದ ಚೀಲ ಹೊತ್ತು ಹೋಗುತ್ತಿದ್ದವರು ಸರಿದರು. ಸರಿದು, ನಮ್ಮ ಯಾವ ಅಣ್ಣನ ಮಗಳಪ್ಪ ಇವಳು ಎಂಬಂತೆ ನೋಡಿದರು. ನೀಲವ್ವನಿಗೆ ಧೈರ್ಯ ಬಂತು. ಎರಡನೆಯ ಕೂಗು ಕೋಗಿಲೆಯದು. ಮೂರನೆಯದಕ್ಕೆ ಹಕ್ಕಿಯ ಹೋಲಿಕೆ ಸಾಲದು.

ನಾನು ಆ ದಿನ ಕಲಿತದ್ದನ್ನು ಯಾವ ಕಣದಲ್ಲೂ ಕಲಿಯಲಾರೆ. ಬೆಲ್ಲು ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ಅವಳು ಒಬ್ಬೊಬ್ಬರಿಗೂ ಅವರವರ ಮಾತು ಹೇಳುತ್ತಿದ್ದಳು. ಬೆನ್ನು ನೋಡಿಯೇ ಯಾರು ಕಾಕಾ, ಯಾರು ಅಣ್ಣ, ಯಾರು ಅಕ್ಕ ಎಂದು ಗೊತ್ತು ಮಾಡುತ್ತಿದ್ದಳು. ಕಟ್ಟಿಗೆಯ ಹೊರೆಯವಳು ಮುಂದೆ ಹೋಗುತ್ತಿದ್ದದ್ದು ಕಂಡಾಗ ನಾನು ಕಣ್ಣು ಮುಚ್ಚಲು ತಯಾರಾದೆ. ನೀಲವ್ವ ಮೆತ್ತಗೆ ಹೇಳಿದಳು:

"ಅವ್ವಾ, ಹೊಳ್ಳಿ ನೋಡಬ್ಯಾಡ. ಹಂಗ ನಡಿ. ನಾವ ಮಗ್ಗಲಾಗಿಂದ ಹೊಕ್ಕೀವಿ."

ಅವಳು ಹೊರಳಲಿಲ್ಲ. ನನ್ನ ಎರಡೂ ಕಣ್ಣು ಇಂದಿಗೂ ನನ್ನ ಹತ್ತಿರವೇ ಇವೆ.

ನಡುಸಂತೆಯಲ್ಲಿ ಹಗ್ಗ ಮಾರುವ ಒಬ್ಬ ಮುದುಕ ಮಾತ್ರ ಜಗ್ಗಲಿಲ್ಲ. ನಮ್ಮ ಕಡೆ ಒಂದು ಪದ್ಧತಿಯುಂಟು, ಹೊರೆ ಹೊತ್ತವರಿಗೆ ಬರಿಗೈಯವರು ದಾರಿ ಬಿಡಬೇಕು. ಅವನ ಹೆಗಲ ಮೇಲೆ ಹಗ್ಗದ ಸುರುಳಿಗಳಿದ್ದವು. ಅವನು ನಿಂತು, ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದ.

"ಹೊರಿ ಹೊತ್ತಾಂವ ನಾನು. ನಿಮ್ಮ ಹತ್ರ ಏನ ಹೊರಿ ಐತೆವ್ವ, ದಾರಿ ಕೇಳಾಕ?"

"ಹೊರಿ ನಾನ ಅದೀನಿ ಮುತ್ಯಾ. ನಮ್ಮವ್ರಿಗೆ ದಮ್ಮ ಹತ್ತೈತಿ. ಕೆಳಗ ಇಳಿಸಿದ್ರ ಮುಂದ ನೀವ ಹೊತ್ಕೊಂಡು ಹೋಗಬೇಕಾಗ್ತೈತಿ."

ಮುದುಕ ನಕ್ಕ. ಉಳ್ಳಾಗಡ್ಡಿ ಹರವಿಕೊಂಡು ಕುಂತ ಹೆಂಗಸರೆಲ್ಲ ನಕ್ಕರು. ಈ ಹೊರೆಗಿಂತ ಹಗ್ಗವೇ ಹಗುರ ಎಂದು ಹೇಳುತ್ತ ಅವನು ಸರಿದ. ಅಲ್ಲಿಂದ ಮುಂದೆ ಸುದ್ದಿ ನಮಗಿಂತ ಮೊದಲು ಹೋಗುತ್ತಿತ್ತು. ಜನ ಒಬ್ಬರಿಗೊಬ್ಬರು, ಹೊರಿ ಬಂತು, ದಾರಿ ಬಿಡ್ರಿ ಎಂದು ಹೇಳಿಕೊಂಡು ಸರಿದರು. ಕುಂಬಾರರ ಗಡಿಗೆಗಳು ಎಡಕ್ಕೆ ಬಂದವು. ಎಡಕ್ಕೇ ನನ್ನ ಒಲವು. ಆದರೂ ದಾಟಿದೆವು, ಒಂದೂ ಒಡೆಯಲಿಲ್ಲ.

ದಾರಿಗಳು ಕೂಡುವ ಕೂಟಿನಲ್ಲಿ ಪೋಲೀಸಿನವನು ನಿಂತಿದ್ದ. ಇಬ್ಬರು ಕುಳಿತ ಸೈಕಲ್ಲನ್ನು ನೋಡಿ ಕೈ ಮೇಲೆತ್ತಿದ. ನಾನು ಮನಸ್ಸಿನಲ್ಲೇ ಚಾವಡಿಯ ಕಂಬಿಗಳನ್ನು ಎಣಿಸತೊಡಗಿದೆ. ನೀಲವ್ವ ಮರಾಠಿಯಲ್ಲಿ, "ದಾದಾ, ಭಾಚ್ಯಾಚಂ ಬಾರಸಂ ಆಹೆ, ವಾಟ್ ದ್ಯಾ" ಎಂದಳು. ತಮ್ಮನ ಕೂಸಿನ ಹೆಸರಿಡುವ ಕಾರ್ಯ, ದಾರಿ ಕೊಡಿ ಎಂದು. ಮೇಲೆತ್ತಿದ ಕೈಯಿಂದ ಅವನು ಎದುರಿನ ಚಕ್ಕಡಿಗಳನ್ನು ನಿಲ್ಲಿಸಿ ನಮ್ಮನ್ನು ಬಿಟ್ಟ. ನಗಲಿಲ್ಲ, ಡ್ಯೂಟಿಯಲ್ಲಿದ್ದ. ಆದರೆ ಮೀಸೆ ಸ್ವಲ್ಪ ಅಗಲವಾಯಿತು.

ಸಂತೆ ದಾಟಿತು. ದಾರಿ ಬರಿದಾಯಿತು. ಇನ್ನು ಕೂಗುವುದು ಬೇಕಿರಲಿಲ್ಲ, ಆದರೆ ನೀಲವ್ವ ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ಮನೆಯಲ್ಲಿ ಮೆತ್ತಗೆ ಮಾತಾಡಿ ಮಾತಾಡಿ ಒಳಗೆ ಉಳಿದಿದ್ದ ದನಿಯೆಲ್ಲ ಆ ದಿನ ಗಾಳಿಗೆ ಸಿಕ್ಕಂತಿತ್ತು. ದೂರದ ಚಕ್ಕಡಿಗೆ ಕೂಗಿದಳು. ಇಳಿಜಾರಿನಲ್ಲಿ ಸೈಕಲ್ಲು ತಾನೇ ಓಡಿದಾಗ ಸುಮ್ಮನೆ ಕೂಗಿದಳು. ದಾರಿಯ ನಡುವೆ ಕುಂತ ಕಾಗೆಗೆ, ಅಣ್ಣಾ ಸರಿಯಪ್ಪಾ, ತವರಮನಿಗೆ ಹೊಂಟೀನಿ ಎಂದು ಕೂಗಿದಳು. ದನಿ ಉಳಿಸಿಕೋ ಎಂದು ನಾನು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಯಾಕೆಂದರೆ ಆಗ ನಾನೂ ಕಾಗೆಗೆ ಏನೋ ಕೂಗುತ್ತಿದ್ದೆ.

ಡಫಳಾಪುರ ಮುಟ್ಟಿದಾಗ ನಮ್ಮ ನೆರಳು ಸೈಕಲ್ಲಿನ ಕೆಳಗೇ ಸೇರಿಕೊಂಡಿತ್ತು. ನಾನು ನಿಲ್ಲಿಸುವ ಮೊದಲೇ ಅವಳು ಹಾರಿ ಇಳಿದು, ಕಾಲು ತೊಳೆದು, ಒಳಗೆ ನುಗ್ಗಿದಳು. ನಾನು ಬಾಗಿಲಲ್ಲಿ ನಿಂತು ಇಣುಕಿದೆ. ಅತ್ತೆಯ ಜಾಗದಲ್ಲಿ ನೆರೆಮನೆಯಾಕೆ ಕುಂತೇ ಬಿಟ್ಟಿದ್ದಳು, ಕೂಸಿನ ಕಡೆ ಬಗ್ಗುತ್ತಿದ್ದಳು. ನೀಲವ್ವನನ್ನು ಕಂಡು ನಗುತ್ತ ಎದ್ದಳು. ನೀಲವ್ವ ಕುಂತಳು, ಬಗ್ಗಿದಳು. ತಡವಾಗಿ ಬಂದದ್ದಕ್ಕೂ ಸೇರಿಸಿ ಹೆಂಗಸರು ಬೆನ್ನಿಗೆ ಗುದ್ದಿದರು. ಹೆಸರು ಕಿವಿಗೆ ಹೋಯಿತು.

"ಏನ ಹೆಸರವಾ, ಕೂಗಿ ಹೇಳು" ಎಂದರು ಎಲ್ಲರೂ.

ನೀಲವ್ವ ತಲೆಯೆತ್ತಿ ಬಾಯಿ ತೆರೆದಳು. ದನಿ ಬರಲಿಲ್ಲ. ಇನ್ನೊಮ್ಮೆ ತೆರೆದಳು. ಬರೀ ಗಾಳಿ. ಸತಾಯಿಸಬೇಡ ಎಂದು ಅವರು ಮತ್ತೆರಡು ಗುದ್ದಿದರು. ಅವಳು ಗಂಟಲನ್ನು ತೋರಿಸಿ, ಕೂಸಿನ ತಾಯಿಯನ್ನು ಹತ್ತಿರ ಕರೆದು, ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. ತಾಯಿ ಗಂಡನ ಕಡೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಿಸುಮಾತಿನಲ್ಲಿ ಬಂದದ್ದನ್ನು ಪಿಸುಮಾತಿನಲ್ಲೇ ಕೊಡಬೇಕು ಎಂಬಂತೆ ಅವಳು ನೆರೆಮನೆಯಾಕೆಗೆ ಪಿಸುಗುಟ್ಟಿದಳು. ಆಕೆ ಇನ್ನೊಬ್ಬಾಕೆಗೆ. ದನಿ ಹೋದದ್ದು ಒಬ್ಬಳದು, ಆದರೆ ಮನೆ ತುಂಬ ಹೆಂಗಸರೆಲ್ಲ ದನಿ ಕಳಕೊಂಡವರ ಹಾಗೆ ಕಿವಿಯಿಂದ ಕಿವಿಗೆ ಬಗ್ಗಿದರು. ಶಂಕ್ರಪ್ಪ ಬಾಗಿಲಲ್ಲಿ ನಿಂತು, ಸುರೇಶ ಹೌದಲ್ಲ ಎಂದು ಕೇಳುತ್ತಲೇ ಇದ್ದ. ಕಡೆಗೆ ಅವನ ಹೆಂಡತಿಯೇ ಬಂದು ಅವನ ಕಿವಿಯಲ್ಲಿ ಹೇಳಿದಳು.

ನಾನು ಜಗಳದ ಚಿಂತೆಯನ್ನು ಹೊರಗೆ ತೆಗೆದು ಸಿದ್ಧವಾಗಿಟ್ಟುಕೊಂಡೆ. ಅವನು ಅಕ್ಕನನ್ನು ನೋಡಿದ. ಅಕ್ಕ ಏನೂ ಹೇಳುವ ಹಾಗಿರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕುಂತ ಅಪ್ಪನ ಕಡೆ ಬೆರಳು ಮಾಡಿದಳಷ್ಟೇ. ಶಂಕ್ರಪ್ಪ ಆ ಕಡೆ ನೋಡಿದ. ಆಮೇಲೆ ಹೋಗಿ, ಅಪ್ಪನ ಮಗ್ಗಲು ಕುಂತು, ಕಿವಿಗೆ ಬಾಯಿಟ್ಟು, ಓಣಿಯೆಲ್ಲ ಕೇಳುವಂತೆ ಕೂಗಿದ:

"ಅಪ್ಪಾ, ರಾಚಪ್ಪ!"

ಮಾವ ತಲೆಯಾಡಿಸಿದರು. "ನಮ್ಮಪ್ಪ ಹೋಗಿ ಭಾಳ ವರ್ಸ ಆತು ಅಂತ ಹೇಳಪ್ಪ ಅವ್ರಿಗೆ. ಪಾಪ, ಕೇಳ್ಕೊಂಡು ಎಲ್ಲಿಂದ ಬಂದಾರೊ. ಕುಂದ್ರಸು, ಊಟಾ ಮಾಡಿ ಹೋಗ್ಲಿ."

ಶಂಕ್ರಪ್ಪನಿಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ಅಪ್ಪನ ತೊಡೆಯ ಮೇಲೆ ಮಲಗಿಸಿ, ಇನ್ನೊಮ್ಮೆ ಅದೇ ಹೆಸರನ್ನು ಕೂಗಿ, ಕೂಸಿಗೆ ಬೆರಳು ಮಾಡಿದ. ಮಾವ ಬಹಳ ಹೊತ್ತು ಕೂಸಿನ ಗದ್ದ ಸವರಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಬಗ್ಗಿದೆ. ಅವರು ಆಚೀಚೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ತಮಗೆ ಗೊತ್ತಿದ್ದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಅಳಿಯಂದ್ರ, ಯಾರ ಮುಂದೂ ಅನಬ್ಯಾಡ್ರಿ. ಸುರೇಶ ಅಂತ ಇಡಾಂವ ಇದ್ದ ನನ್ನ ಮಗ. ಮಗಳು ಬಂದು ರಾಚಪ್ಪ ಮಾಡ್ಯಾಳ."

ಓಣಿಯ ತುದಿಯಲ್ಲಿ ಚಕ್ಕಡಿ ನಿಲ್ಲಿಸಿಕೊಂಡವರು ತಿರುಗಿ ನೋಡಿದರು. ಎತ್ತುಗಳೂ ನೋಡಿದವು.

ಚೈನು ಕಳಚಲಿಲ್ಲ. ಸೆರಗು ಸಿಕ್ಕಲಿಲ್ಲ. ಗಡಿಗೆ ಒಡೆಯಲಿಲ್ಲ, ಯಾರ ಮೈಗೂ ನನ್ನ ಗಾಲಿ ತಗಲಲಿಲ್ಲ. ಅಷ್ಟು ದೂರದ ದಾರಿಯಲ್ಲಿ ಆ ದಿನ ಕೆಟ್ಟದ್ದು ಇಷ್ಟೇ: ಸೋದರತ್ತೆ ಕೂಗಿ ಹೇಳಬೇಕಾಗಿದ್ದ ಹೆಸರನ್ನು ಕೂಸಿನ ಮುತ್ಯಾ ಗುಟ್ಟಾಗಿ ಹೇಳಿದರು.